ದುರ್ಗೆಯ ಭೋಗಕ್ಕೆ ಖಿಚುರಿ

ಬಂಗಾಳದಲ್ಲಿ ದುರ್ಗಾಪೂಜೆಯ ಅಷ್ಟಮಿಯಂದು ಚಪ್ಪರದ ಹಿಂಬದಿಗೆ ಹೋದವರ ಮೂಗಿಗೆ ಮೊದಲು ತಾಗುವುದು ಹುರಿದ ಹೆಸರುಬೇಳೆಯ ಪರಿಮಳ. ದೇವಿಗೆ ನೈವೇದ್ಯವಾಗಿ, ಬಳಿಕ ಪಂಕ್ತಿಯಲ್ಲಿ ಕುಳಿತವರಿಗೆ ಪ್ರಸಾದವಾಗಿ ಬಡಿಸುವ ಖಿಚುರಿಗೆ ನಡೆಯುವ ಸಿದ್ಧತೆಯದು.

ಅಕ್ಕಿ, ಬೇಳೆ ಸಾಮಾನ್ಯವಾಗಿ ಸಮಸಮ. ಅಕ್ಕಿ ಗೋವಿಂದಭೋಗ, ಗಿಡ್ಡ ಕಾಳಿನ ಈ ಸುವಾಸನೆಯ ತಳಿಗೆ 2017ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ದೊರೆಯಿತು. ನೀರುಳ್ಳಿ, ಬೆಳ್ಳುಳ್ಳಿಗೆ ಪ್ರವೇಶವಿಲ್ಲ. ಶುಂಠಿ, ಜೀರಿಗೆ, ಒಣಮೆಣಸು, ತುಪ್ಪಗಳದ್ದೇ ಕಾರುಬಾರು.

ಕಷ್ಟವಿರುವುದು ಬೇಳೆಯಲ್ಲಿ. ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ, ಸೌಟು ನಿಲ್ಲಿಸದೆ ಹೊಂಬಣ್ಣ ಬರುವ ತನಕ ಹುರಿಯಬೇಕು, ತೊಳೆಯುವುದು ಆಮೇಲೆ. ಅವಸರಪಟ್ಟರೆ ಹಸಿವಾಸನೆ, ಮೈಮರೆತರೆ ಕಹಿ. ಆ ಕಹಿ ಎಷ್ಟು ತುಪ್ಪ ಸುರಿದರೂ ಹೋಗದು. ರುಚಿ ನೋಡಿ ಸರಿಪಡಿಸೋಣವೆಂದರೆ ಅದೂ ಸಲ್ಲ. ಅರ್ಪಿಸುವ ಮೊದಲೇ ಎಂಜಲಾದೀತು. ಉಪ್ಪೂ ಕೈಯಂದಾಜು! ಅಡುಗೆಯವರಿಗೆ ಮೂಗು, ಕಣ್ಣುಗಳೇ ಗತಿ. ಕೊಪ್ಪರಿಗೆ ಅಡಿಹಿಡಿದರೆ ಹಸಿದ ಪಂಕ್ತಿಯೇ ಕಾಯಬೇಕು. ಧನುರ್ಮಾಸದಲ್ಲಿ ನೈವೇದ್ಯಕ್ಕೆ ಹುಗ್ಗಿ ಮಾಡುವ ನಮ್ಮವರಿಗೂ ಈ ಅಳುಕು ಹೊಸತಲ್ಲ.

ನೆಂಚಿಕೊಳ್ಳಲು ‘ಲಾಬ್ರಾ’ ಎಂಬ ಸಿಹಿಗುಂಬಳ, ಬದನೆ, ಮೂಲಂಗಿಗಳ ಪಲ್ಯ. ಕೊನೆಗೆ ಸಿಹಿ ಟೊಮೆಟೊ ಚಟ್ನಿ, ಪಾಯಸ. ಖಿಚುರಿಯನ್ನು ಮಾತ್ರ ತುಸು ನೀರಾಗಿರುವಾಗಲೇ ಒಲೆಯಿಂದ ಇಳಿಸುವುದು ಲೇಸು. ಬಡಿಸುವಷ್ಟರಲ್ಲಿ ಅದು ತಾನಾಗಿಯೇ ಗಟ್ಟಿಯಾಗುತ್ತದೆ.