ಸಂಖದ ಕೆರೆಯೂ ಊರಿನ ಜನಸಂಖ್ಯೆಯೂ

ಭೂಗೋಲದ ಪುಸ್ತಕದಲ್ಲಿ ಗಂಗೆ, ಹಿಮಾಲಯಗಳನ್ನು ಓದುವ ನಾವು ನಮ್ಮ ಊರ ಹಳ್ಳವು ಯಾವ ನದಿಯನ್ನು ಕೂಡುತ್ತದೆಂಬುದನ್ನು ಅರಿಯದೆ ಇರುವುದು ಉಚಿತವಲ್ಲ. ಆದಕಾರಣ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಮೂಡಣ ಭಾಗದಲ್ಲಿರುವ ಸಂಖ ಎಂಬ ಊರನ್ನು ತೆಗೆದುಕೊಂಡು, ಅಲ್ಲಿಯ ನೆಲ, ನೀರು, ಜನ ಈ ಮೂರರ ಸಂಬಂಧವನ್ನು ಇಲ್ಲಿ ವಿವೇಚಿಸೋಣ.

ನೆಲ

ಜಿಲ್ಲೆಯ ತಾಲೂಕುಗಳಲ್ಲಿ ಜತ್ತವೇ ವಿಸ್ತಾರದಲ್ಲಿ ದೊಡ್ಡದು. ಇದರ ಮೂಡಣ ಹಾಗೂ ತೆಂಕಣ ಎಲ್ಲೆಗಳಾಚೆ ಕರ್ನಾಟಕವಿದೆ. ಮನೆಯಲ್ಲಿ ಕನ್ನಡ, ಸಂತೆ ಕಚೇರಿಗಳಲ್ಲಿ ಮರಾಠಿ ಎಂಬ ವಾಡಿಕೆ ಈ ಭಾಗದಲ್ಲಿ ಸಹಜವಾಗಿದೆ. ಈ ತಾಲೂಕು ಒಂದು ಎತ್ತರದ ಬಯಲು. ಇಲ್ಲಿ ಹುಟ್ಟುವ ಡೋಣಿಯು ವಿಜಯಪುರ ಜಿಲ್ಲೆಯನ್ನು ಹಾಯ್ದು ಕೃಷ್ಣೆಯನ್ನು ಸೇರುತ್ತದೆ. ಸಂಖದ ಬೋರ ನದಿಯಾದರೋ ಭೀಮೆಯ ಕಡೆಗೆ ಹರಿಯುತ್ತದೆ. ಭೀಮೆಯೂ ಕೊನೆಗೆ ಕೃಷ್ಣೆಯನ್ನೇ ಕೂಡುವುದರಿಂದ, ಒಂದೇ ಮಡ್ಡಿಯ ಎರಡು ಮಗ್ಗುಲಿಗೆ ಬಿದ್ದ ಮಳೆಹನಿಗಳು ಬೇರೆ ಬೇರೆ ದಾರಿ ಹಿಡಿದರೂ ಬಹುದೂರ ಹೋಗಿ ಒಂದಾಗುತ್ತವೆ.

ನೀರು

ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಯನ್ನು ಏರುವಾಗಲೇ ತಮ್ಮ ನೀರನ್ನು ಬಹುಮಟ್ಟಿಗೆ ಸುರಿಸಿಬಿಡುತ್ತವೆ. ಅದೇ ಜಿಲ್ಲೆಯ ಪಡುವಣ ತುದಿಯ ಶಿರಾಳದಲ್ಲಿ ಮಳೆ ಸಮೃದ್ಧ. ಜತ್ತಕ್ಕೆ ಬರುವ ವೇಳೆಗೆ ವರ್ಷಕ್ಕೆ ಸುಮಾರು ಅರ್ಧ ಮೀಟರು ಮಾತ್ರ. ಇದನ್ನೇ ಮಳೆಯ ನೆರಳೆಂದು ಕರೆಯುತ್ತಾರೆ. ನೆಲದಡಿಯಲ್ಲಿರುವುದು ಕರಿಗಲ್ಲು. ಬಿರುಕುಗಳಿದ್ದಲ್ಲಿ ಮಾತ್ರ ಅದು ನೀರನ್ನು ಒಳಗೆ ಬಿಡುತ್ತದೆ, ಉಳಿದದ್ದು ಹರಿದುಹೋಗುತ್ತದೆ.

ಹರಿದುಹೋಗುವ ಈ ನೀರನ್ನು ಹಿಡಿದಿಡುವುದೇ ಸಂಖದ ಕೆರೆಯ ಕೆಲಸ. ಇದು ಸ್ವಾಭಾವಿಕ ಸರೋವರವಲ್ಲ. ಬೋರ ನದಿಗೆ ಒಡ್ಡು ಹಾಕಿ ಕಟ್ಟಿದ ಮಧ್ಯಮ ನೀರಾವರಿ ಯೋಜನೆ. ಕೆರೆಯಿಂದ ಎರಡು ಪ್ರಯೋಜನ: ಒಂದು, ಹೊಲಕ್ಕೆ ನೇರವಾಗಿ ದೊರೆಯುವ ನೀರು, ಇನ್ನೊಂದು, ನೆಲದೊಳಗೆ ಇಂಗಿ ಕೆಳಗಿನ ಬಾವಿಗಳಿಗೆ ಬರುವ ಸೆಲೆ. ಈ ಎರಡನೆಯದು ಕಣ್ಣಿಗೆ ಕಾಣದಿದ್ದರೂ ಬೆಲೆಯಲ್ಲಿ ಕಡಿಮೆಯದಲ್ಲ. ಜೋಳ, ಸಜ್ಜೆಗಳ ಈ ಸೀಮೆಯಲ್ಲಿ ದಾಳಿಂಬೆ, ದ್ರಾಕ್ಷಿಗಳು ಬೆಳೆಯುವುದು ಇಂಥ ನೀರಿನ ಬಲದಿಂದಲೇ. ಆದರೆ ಕೆರೆಗೆ ಬಿಸಿಲೂ ಒಬ್ಬ ಪಾಲುದಾರ. ಆಕಾಶವು ಒಂದು ವರ್ಷದಲ್ಲಿ ಕೊಡುವ ಮಳೆಯ ಎತ್ತರಕ್ಕಿಂತ, ಬಯಲಾಗಿ ನಿಂತ ನೀರಿನಿಂದ ಬಿಸಿಲು ಹೀರುವ ಎತ್ತರವು ಎಷ್ಟೋ ಹೆಚ್ಚು. ಮಳೆ ತಪ್ಪಿದ ವರ್ಷ ಕೆರೆಯ ತಳ ಕಾಣುವುದು ಈ ಕಾರಣದಿಂದ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಮೇಲೆತ್ತುವ ಯೋಜನೆಯನ್ನು ಜತ್ತದ ಮೂಡಣ ಊರುಗಳವರೆಗೆ ವಿಸ್ತರಿಸಲು ಕೈಕೊಂಡುದೂ ಇದಕ್ಕಾಗಿಯೇ.

ಜನ

ನೀರಿಗೂ ಜನಸಂಖ್ಯೆಗೂ ಇರುವ ನಂಟನ್ನು ಹಳೆಯ ಅಂಕಿಗಳು ಸ್ಪಷ್ಟವಾಗಿ ಹೇಳುತ್ತವೆ. ಜತ್ತವು ಮೊದಲು ಡಫಳೆ ಮನೆತನದ ಸಂಸ್ಥಾನವಾಗಿತ್ತು. ಡಫಳಾಪುರವೂ ಸೇರಿ ಅದರ ವಿಸ್ತಾರ 980 ಚದರ ಮೈಲು. 1901ರ ಖಾನೇಸುಮಾರಿಯಲ್ಲಿ ಅಲ್ಲಿಯ ಜನ 68,665. ಹಿಂದಿನ ಹತ್ತು ವರ್ಷಗಳಲ್ಲಿ ಅದು ಬೆಳೆಯಲಿಲ್ಲ. ನೂರಕ್ಕೆ 14ರಷ್ಟು ಕುಗ್ಗಿತು. ಆ ಅವಧಿಯಲ್ಲಿಯೇ 1896-97 ಮತ್ತು 1899-1900ರ ಬರಗಾಲಗಳು ದಖ್ಖಣವನ್ನು ಬಡಿದಿದ್ದವು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 2011ರಲ್ಲಿ ಜತ್ತ ತಾಲೂಕಿನ ಜನಸಂಖ್ಯೆ ಸುಮಾರು 3 ಲಕ್ಷ 28 ಸಾವಿರ. ಹಳೆಯ ಸಂಸ್ಥಾನದ ಗಡಿಯೂ ಇಂದಿನ ತಾಲೂಕಿನ ಗಡಿಯೂ ಪೂರ್ಣ ಒಂದೇ ಅಲ್ಲದಿದ್ದರೂ, ಜನವು ಐದು ಪಟ್ಟಿನ ಸಮೀಪಕ್ಕೆ ಬಂದಿತೆಂದು ಹೇಳಬಹುದು. ಮಳೆಯು ಮಾತ್ರ ಐದು ಪಟ್ಟಾಗಲಿಲ್ಲ.

ಹೀಗಿರಲು ಜನರು ಏನು ಮಾಡುತ್ತಾರೆ? ದೀಪಾವಳಿಯ ಸುಮಾರಿಗೆ ಸಕ್ಕರೆ ಕಾರಖಾನೆಗಳು ಆರಂಭವಾಗುತ್ತಲೇ ತಾಲೂಕಿನ ಎಷ್ಟೋ ಕುಟುಂಬಗಳು ಕಬ್ಬು ಕಡಿಯುವ ಟೋಳಿಗಳಾಗಿ ನದೀತೀರದ ಊರುಗಳಿಗೆ ಹೊರಡುತ್ತವೆ; ಬೇಸಿಗೆಯ ಹೊತ್ತಿಗೆ ಮರಳುತ್ತವೆ. ಇಲ್ಲಿ ಖಾನೇಸುಮಾರಿಯ ಒಂದು ನಿಯಮವನ್ನು ತಿಳಿಯಬೇಕು. 2011ರಲ್ಲಿ ಎಣಿಕೆಯು ಫೆಬ್ರುವರಿ 9ರಿಂದ 28ರ ವರೆಗೆ ನಡೆಯಿತು. ಆ ಅವಧಿಯಲ್ಲಿ ಕೆಲವು ದಿನವಾದರೂ ಮನೆಯಲ್ಲಿದ್ದವರು ಆ ಮನೆಯ ಲೆಕ್ಕಕ್ಕೆ ಸೇರಿದರು. ಅಷ್ಟೂ ದಿನ ಹೊರಗಿದ್ದವರನ್ನು ಅವರಿದ್ದ ಸ್ಥಳದಲ್ಲಿಯೇ ಎಣಿಸಬೇಕಾಗಿತ್ತು. ಫೆಬ್ರುವರಿಯೆಂದರೆ ಕಬ್ಬಿನ ಕಡಿತ ನಡೆದಿರುವ ಕಾಲ. ಆದ್ದರಿಂದ ಗುಡಿಸಲಿನಲ್ಲಿರುವ ಕುಟುಂಬದ ಹೆಸರು ಸ್ವಂತ ಊರಿನಲ್ಲಿ ಬರುವುದಿಲ್ಲ. ಅಲ್ಲಿಯೂ ಯಾರೂ ಕೇಳದೆ ಹೋದರೆ ಎಲ್ಲಿಯೂ ಬರುವುದಿಲ್ಲ. ಮುಂಗಾರಿನಲ್ಲಿ ತುಂಬಿರುವ ಊರು ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಸಂಭವವು ಹೀಗೆ ಉಂಟಾಗುತ್ತದೆ.

ಇದು ಬರಿಯ ಅಂಕಿಗಳ ಮಾತಲ್ಲ. 2013ರ ಆಹಾರ ಭದ್ರತಾ ಕಾಯಿದೆಯಂತೆ ಎಷ್ಟು ಜನರಿಗೆ ರೇಶನ್ ಧಾನ್ಯವೆಂಬುದನ್ನು ಖಾನೇಸುಮಾರಿಯ ಆಧಾರದ ಮೇಲೆಯೇ ಗೊತ್ತುಮಾಡಿದರು. ಶಾಲೆಯಲ್ಲಿ ಎಷ್ಟು ಶಿಕ್ಷಕರಿರಬೇಕೆಂಬುದು ಪಟದ ಮೇಲಿನ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. ಟೋಳಿಯೊಡನೆ ಹೋದ ಮಗು ಪಾಠವನ್ನು ಕಳೆದುಕೊಳ್ಳುತ್ತದೆ. ಅದರ ಹೆಸರು ಪಟದಿಂದ ಹೋದರೆ ಕನ್ನಡ ಶಾಲೆಯ ಬಲವೂ ಅಷ್ಟು ಕುಂದುತ್ತದೆ.

2021ರಲ್ಲಿ ಆಗಬೇಕಾಗಿದ್ದ ಖಾನೇಸುಮಾರಿಯು ಕೋವಿಡ್ ವ್ಯಾಧಿಯ ನಿಮಿತ್ತ ಮುಂದೆ ಹೋಯಿತು. 2025ರ ಜೂನ್ ತಿಂಗಳ ಅಧಿಸೂಚನೆಯು 2027ರ ಮಾರ್ಚ್ 1ನ್ನು ಗಣನೆಯ ದಿನವಾಗಿ ಗೊತ್ತುಮಾಡಿತು. ಅಂದರೆ ಈ ಎಣಿಕೆಯೂ ಕಬ್ಬಿನ ಹಂಗಾಮಿಗೇ ಹೊಂದಿಕೊಂಡುದು. ಪಾಲಕರು ಎಲ್ಲಿಯೇ ಇರಲಿ, ತಮ್ಮ ಮನೆಯ ಪ್ರತಿಯೊಬ್ಬರ ಹೆಸರು ಒಂದು ಕಡೆ, ಒಂದೇ ಸಲ, ತಪ್ಪದೆ ಬರೆಯಲ್ಪಡುವಂತೆ ನೋಡಿಕೊಳ್ಳಬೇಕು. ಸಾಧ್ಯವಿದ್ದಮಟ್ಟಿಗೆ ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಬಿಟ್ಟು ಶಾಲೆಯನ್ನು ಮುಂದುವರಿಸಬೇಕು.

ವಿದ್ಯಾರ್ಥಿಗಳೇ, ನೀವು ನಿಮ್ಮ ನಿಮ್ಮ ಊರಿನ ನಕಾಶೆಯನ್ನು ಬರೆಯಿರಿ. ಹಳ್ಳ ಎಲ್ಲಿ ಹುಟ್ಟುತ್ತದೆ, ಕೆರೆಯ ನೀರು ಯಾವ ತಿಂಗಳಲ್ಲಿ ಎಷ್ಟು ಇಳಿಯುತ್ತದೆ, ಯಾವ ತಿಂಗಳಲ್ಲಿ ಎಷ್ಟು ಮನೆಗಳಿಗೆ ಬೀಗ ಬೀಳುತ್ತದೆ ಎಂಬುದನ್ನು ಪಕ್ಕದಲ್ಲಿ ಗುರುತಿಸಿರಿ. ಒಂದು ವರ್ಷ ಹೀಗೆ ಮಾಡಿದರೆ, ಕೆರೆ ತುಂಬಿದಾಗ ಊರೂ ತುಂಬುವುದೆಂಬ ಮಾತು ನಿಜವೋ ಅಲ್ಲವೋ ಎಂಬುದು ನಿಮಗೇ ತಿಳಿಯುವುದು.