ಐವತ್ತು ಮೀಟರ್ ನೀರು

2012ರ ಲಂಡನ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಈಜುಪಟು ಒಬ್ಬರೇ: ಬೆಂಗಳೂರಿನ ಗಗನ್ ಉಳ್ಳಾಲಮಠ. ಅವರು ಇಳಿದದ್ದು 1500 ಮೀಟರ್ ಫ್ರೀಸ್ಟೈಲ್‌ಗೆ, ತೆಗೆದುಕೊಂಡದ್ದು 16 ನಿಮಿಷ 31.14 ಸೆಕೆಂಡು. ಆ ಸಲ ಚಿನ್ನ ಗೆದ್ದ ಚೀನಾದ ಸುನ್ ಯಾಂಗ್ ಅದೇ ದೂರವನ್ನು 14 ನಿಮಿಷ 31.02 ಸೆಕೆಂಡಿನಲ್ಲಿ ಮುಗಿಸಿದ್ದರು. ಇಬ್ಬರೂ ಒಟ್ಟಿಗೆ ನೀರಿಗೆ ಬಿದ್ದಿದ್ದರೆ ಸುನ್ ಯಾಂಗ್ ಗೋಡೆ ಮುಟ್ಟಿದಾಗ ಗಗನ್‌ಗೆ ಇನ್ನೂ ಸುಮಾರು 180 ಮೀಟರ್ ಬಾಕಿ. ನಮ್ಮ ಪತ್ರಿಕೆಗಳು ಇಷ್ಟಕ್ಕೇ ನಿಲ್ಲಿಸಿ ‘ನಿರಾಸೆ’ ಎಂದು ಬರೆಯುತ್ತವೆ. ಆದರೆ ಐವತ್ತು ಮೀಟರ್ ಉದ್ದದ ಕೊಳವನ್ನು ಮೂವತ್ತು ಸಲ, ಪ್ರತಿ ಸಲವೂ ಸರಾಸರಿ 33 ಸೆಕೆಂಡಿನಲ್ಲಿ ದಾಟುವುದೆಂದರೆ ಏನೆಂದು ಮಧುಗಿರಿ ಕಡೆಯ ಯಾವುದಾದರೂ ತೋಟದ ಬಾವಿಯಲ್ಲಿ ಈಜು ಕಲಿತವರನ್ನು ಕೇಳಬೇಕು. ಒಂದೇ ಒಂದು ಸಲ ಹಾಗೆ ದಾಟಿದರೂ ಅವರು ಊರೆಲ್ಲ ಹೇಳಿಕೊಂಡು ತಿರುಗಿಯಾರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಿರಿಯರಿಗೆ ಈಜು ಬಂದದ್ದು ಬಾವಿಯಿಂದ. ಕಪಿಲೆ ಹೊಡೆಯುತ್ತಿದ್ದ ಕಲ್ಲು ಕಟ್ಟಡದ ದೊಡ್ಡ ಬಾವಿಗಳು. ಬೇಸಿಗೆ ರಜ ಬಂದರೆ ಬೆನ್ನಿಗೆ ಒಣಗಿದ ಸೋರೆ ಬುರುಡೆಯನ್ನೋ ಬೆಂಡನ್ನೋ ಕಟ್ಟಿ ಮಾವನೋ ಚಿಕ್ಕಪ್ಪನೋ ಹಿಂದಿನಿಂದ ತಳ್ಳುತ್ತಿದ್ದರು. ಆಮೇಲೆ ಬುರುಡೆಯ ಜಾಗಕ್ಕೆ ಪ್ಲಾಸ್ಟಿಕ್ ಕ್ಯಾನು, ಲಾರಿ ಟ್ಯೂಬು ಬಂದವು. ಪರೀಕ್ಷೆ ಒಂದೇ: ಮುಳುಗಿ ತಳ ಮುಟ್ಟಿ ಮುಷ್ಟಿಯಲ್ಲಿ ಮಣ್ಣು ತರಬೇಕು. ಮಣ್ಣು ತಂದವನು ಪಾಸು. ಈ ಶಾಲೆಯಲ್ಲಿ ಉಸಿರು ಹಿಡಿಯುವುದು, ಎತ್ತರದಿಂದ ಹಾರುವುದು, ನೀರೆಂದರೆ ಹೆದರದಿರುವುದು ಇವೆಲ್ಲ ಚೆನ್ನಾಗಿ ಬರುತ್ತವೆ. ಬಾರದ್ದು ಒಂದೇ, ನೇರವಾಗಿ ದೂರ ಹೋಗುವುದು. ಮೂವತ್ತು ನಲವತ್ತು ಅಡಿ ಅಗಲದ ಬಾವಿಯಲ್ಲಿ ಹತ್ತು ಸಲ ಕೈ ಬೀಸುವಷ್ಟರಲ್ಲಿ ಎದುರಿನ ಕಲ್ಲು ಬರುತ್ತದೆ, ತಿರುಗಬೇಕು. ಮೇಲಿಂದ ಯಾರು ತಲೆಯ ಮೇಲೆ ಧುಮುಕುತ್ತಾರೋ, ಸಂದಿಯಲ್ಲಿ ಒಳ್ಳೆ ಹಾವಿದೆಯೋ ನೋಡಿಕೊಳ್ಳಲು ತಲೆ ಎತ್ತಿಕೊಂಡೇ ಈಜಬೇಕು.

ಸ್ಪರ್ಧೆಯ ಫ್ರೀಸ್ಟೈಲ್ ಇದಕ್ಕೆ ತದ್ವಿರುದ್ಧ. ನಿಯಮದ ಪ್ರಕಾರ ಯಾವ ರೀತಿಯಲ್ಲಿ ಬೇಕಾದರೂ ಈಜಬಹುದು. ಆದರೆ ಕೈಗಳನ್ನು ಒಂದಾದ ಮೇಲೊಂದು ಮುಂದಕ್ಕೆ ಬೀಸುವ ಕ್ರಾಲ್‌ಗಿಂತ ವೇಗದ್ದು ಬೇರೆ ಇಲ್ಲದ ಕಾರಣ ಎಲ್ಲರೂ ಅದನ್ನೇ ಈಜುತ್ತಾರೆ. ಮುಖ ನೀರೊಳಗೆ, ನೋಟ ಕೊಳದ ತಳದ ಕಪ್ಪು ಗೆರೆಯ ಮೇಲೆ, ಉಸಿರಿಗೆ ತಲೆ ಪಕ್ಕಕ್ಕೆ ಹೊರಳಬೇಕೇ ಹೊರತು ಮೇಲೇಳಬಾರದು. ತಲೆ ಎದ್ದರೆ ಸೊಂಟ ಇಳಿಯುತ್ತದೆ, ಸೊಂಟ ಇಳಿದರೆ ನೀರು ಹಿಡಿದು ಜಗ್ಗುತ್ತದೆ. ಗೋಡೆ ಬಂದಾಗ ಲಾಗ ಹಾಕಿ ಕಾಲಿನಿಂದ ಒದ್ದು ಹೊರಡಬೇಕು; ಹದಿನೈದು ಮೀಟರ್‌ನೊಳಗೆ ತಲೆ ನೀರಿನ ಮೇಲೆ ಕಾಣಬೇಕು. ಇದು ದೇಹಕ್ಕೆ ಒಗ್ಗಲು ಬೆಳಿಗ್ಗೆ ಐದಕ್ಕೆ ಒಂದು ಸಲ, ಶಾಲೆ ಬಿಟ್ಟ ಮೇಲೆ ಇನ್ನೊಂದು ಸಲ, ಹೀಗೆ ವರ್ಷಗಟ್ಟಲೆ ಬೇಕು. ಧೈರ್ಯದ ಮಾತು ಇಲ್ಲಿ ಕಡಿಮೆ, ಬೇಜಾರು ತಡೆದುಕೊಳ್ಳುವ ಮಾತೇ ಹೆಚ್ಚು.

ಹಾಗಾಗಿಯೇ ಕರ್ನಾಟಕದ ಫ್ರೀಸ್ಟೈಲ್ ಎಂದರೆ ಬೆಂಗಳೂರಿನ ಕೆಲವೇ ಕೊಳಗಳ ಚರಿತ್ರೆ. ನಿಶಾ ಮಿಲೆಟ್ ಐದರ ವಯಸ್ಸಿನಲ್ಲಿ ಮುಳುಗಿ ಸಾಯುವುದರಿಂದ ಪಾರಾದವರು. ಮಗಳ ಹೆದರಿಕೆ ಬಿಡಿಸಲೆಂದು ತಂದೆಯೇ ಈಜು ಕಲಿಸಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು, ಅರ್ಜುನ ಪ್ರಶಸ್ತಿಯೂ ಬಂತು. ಶಿಖಾ ಟಂಡನ್ ಕೊಳಕ್ಕೆ ಹೋದದ್ದು ಅಸ್ತಮಾ ಇದ್ದ ತಮ್ಮನ ಜೊತೆ. 2004ರಲ್ಲಿ ಅಥೆನ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್‌ಗಿಳಿದರು. ಧಿನಿಧಿ ದೇಸಿಂಗು ಮೂರು ವರ್ಷವಾದರೂ ಸರಿಯಾಗಿ ಮಾತಾಡದ ಮಗು. ನಾಲ್ಕು ಮಕ್ಕಳ ಜೊತೆ ಬೆರೆಯಲೆಂದು ಮನೆಯವರು ಕೊಳಕ್ಕೆ ಬಿಟ್ಟರು. ಆ ಹುಡುಗಿ ಹದಿನಾಲ್ಕಕ್ಕೇ 2024ರ ಪ್ಯಾರಿಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಳು: 2 ನಿಮಿಷ 6.96 ಸೆಕೆಂಡು, 23ನೇ ಸ್ಥಾನ. ಮರುವರ್ಷ ಉತ್ತರಾಖಂಡದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಒಂಬತ್ತು ಚಿನ್ನ.

ಗಮನಿಸಿ, ಈ ಮೂವರೂ ಚಾಂಪಿಯನ್ ಆಗಲೆಂದು ನೀರಿಗಿಳಿದವರಲ್ಲ. ಹೆದರಿಕೆ, ಅಸ್ತಮಾ, ಮಾತು, ಏನೋ ಒಂದು ನೆಪ. ಇಂಥ ನೆಪ ಪಾವಗಡದ ಮಕ್ಕಳಿಗೂ ಬೇಕಾದಷ್ಟಿರುತ್ತದೆ. ನೆಪ ಹೊತ್ತುಕೊಂಡು ಹೋಗಲು ಬೆಂಗಳೂರು ಮಾತ್ರ ನೂರೈವತ್ತು ಕಿಲೋಮೀಟರ್ ಆಚೆ. ಪ್ರತಿಭೆ ಹಳ್ಳಿಯಲ್ಲಿ ಅಡಗಿದೆ ಎಂಬ ಭಾಷಣ ನನಗೆ ರುಚಿಸುವುದಿಲ್ಲ. ಫ್ರೀಸ್ಟೈಲ್‌ನಲ್ಲಿ ಅಡಗಿರುವ ಪ್ರತಿಭೆ ಎಂಬುದೊಂದಿಲ್ಲ. ಹತ್ತು ವರ್ಷ ಗಡಿಯಾರದ ಮುಂದೆ ಈಜಿದ ಮೇಲೆ ಗೊತ್ತಾಗುವುದೇ ಪ್ರತಿಭೆ.

ಹಾಗಾದರೆ ನಮ್ಮ ಕಡೆಯೂ ಒಂದು ಕೊಳ ಬೇಕು ಎಂದರೆ, ‘ಕುಡಿಯಕ್ಕೇ ನೀರಿಲ್ಲ, ಈಜಕ್ಕೆ ಎಲ್ಲಿಂದ ತರಾದು?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದ ಪಾವಗಡದವರಿಗೆ, ಹೇಮಾವತಿ ಕಾಲುವೆಯನ್ನು ಕಾದು ಕೂತ ಶಿರಾದವರಿಗೆ ಆ ಸಿಟ್ಟಿನ ಹಕ್ಕಿದೆ. ಆದರೂ ಲೆಕ್ಕ ಹಾಕಿ ನೋಡೋಣ. 50 ಮೀಟರ್ ಉದ್ದ, 25 ಮೀಟರ್ ಅಗಲ, ಎರಡು ಮೀಟರ್ ಆಳದ ಕೊಳಕ್ಕೆ ಹಿಡಿಯುವುದು 25 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ಐನೂರು ಲೋಡು. ಕೇಳಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ತುಂಬುವುದು ದಿನವೂ ಅಲ್ಲ. ಅದೇ ನೀರನ್ನು ಸೋಸಿ ಮತ್ತೆ ಮತ್ತೆ ಬಳಸುತ್ತಾರೆ. ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ಆವಿಯಾಯಿತೆಂದರೂ ಹೋಗುವುದು ಆರು ಸಾವಿರ ಚಿಲ್ಲರೆ ಲೀಟರ್. ಫಿಲ್ಟರ್ ತೊಳೆಯಲು ಇನ್ನಷ್ಟು ಸೇರಿಸಿಕೊಳ್ಳಿ. ಒಂದು ತಾಲ್ಲೂಕಿನ ಅಡಿಕೆ ತೋಟಗಳು ಒಂದು ಬೆಳಿಗ್ಗೆ ಕುಡಿಯುವುದರ ಮುಂದೆ ಇದು ಏನೂ ಅಲ್ಲ.

ಕೊಳ ಬೇಕೆನ್ನಲು ಇನ್ನೊಂದು ಕಾರಣವೂ ಇದೆ, ಪದಕಕ್ಕೆ ಸಂಬಂಧವಿಲ್ಲದ್ದು. ಕೊಳವೆಬಾವಿಗಳು ಆಳಕ್ಕಿಳಿದಂತೆ ತೆರೆದ ಬಾವಿಗಳು ಬತ್ತಿದವು. ಈಜು ಕಲಿಸುತ್ತಿದ್ದ ಮಾವಂದಿರ ಪಾಠವೂ ನಿಂತಿತು. ಅತ್ತ ಹೊಲಗಳಲ್ಲಿ ಟಾರ್ಪಾಲು ಹಾಸಿದ ಕೃಷಿ ಹೊಂಡಗಳು ಬಂದವು. ಇಳಿಜಾರಿನ ಪ್ಲಾಸ್ಟಿಕ್ ಮೇಲೆ ಕಾಲಿಟ್ಟರೆ ಜಾರುತ್ತದೆ, ಹಿಡಿಯಲು ಕಲ್ಲಿಲ್ಲ, ಮೆಟ್ಟಿಲಿಲ್ಲ. ಒಳ್ಳೆ ಮಳೆಯಾಗಿ ಜಯಮಂಗಲಿ ಹರಿದು ಕೆರೆಗಳು ತುಂಬಿದ ವರ್ಷ ಊರಿಗೆಲ್ಲ ಸಂಭ್ರಮ. ಆದರೆ ದಡಕ್ಕೆ ಓಡುವ ಮಕ್ಕಳಲ್ಲಿ ಎಷ್ಟು ಜನಕ್ಕೆ ಈಜು ಬರುತ್ತದೆ?

ಈಜಿ ಕೊನೆಗೆ ಏನಾಗುತ್ತಾನೆ ಎಂಬುದು ಅಪ್ಪ ಅಮ್ಮಂದಿರ ಪ್ರಶ್ನೆ, ನ್ಯಾಯವಾದದ್ದೇ. ಸ್ಪರ್ಧೆಯ ಆಯುಷ್ಯ ಚಿಕ್ಕದು, ಇಪ್ಪತ್ತೈದರ ಆಸುಪಾಸಿಗೆ ಬಹುತೇಕರು ನಿಲ್ಲಿಸುತ್ತಾರೆ. ನಿಶಾ ಬೆಂಗಳೂರಿನಲ್ಲಿ ತಮ್ಮ ಹೆಸರಿನಲ್ಲೇ ಈಜು ಶಾಲೆ ನಡೆಸುತ್ತಾರೆ. ಶಿಖಾ ಅಮೆರಿಕದಲ್ಲಿ ಓದಿ ಅಲ್ಲಿನ ಉದ್ದೀಪನ ಮದ್ದು ತಡೆ ಸಂಸ್ಥೆಯಲ್ಲಿ ಕೆಲಸ ಮಾಡಿದರು. ರಾಷ್ಟ್ರಮಟ್ಟದ ಪದಕವಿದ್ದವರಿಗೆ ರೈಲ್ವೆ, ಪೊಲೀಸ್, ಸೇನೆಯ ಕ್ರೀಡಾ ಕೋಟಾ ಇದೆ. ಪಿಯುಸಿ ಮುಗಿಸಿ ಪೊಲೀಸ್ ಕೆಲಸಕ್ಕೆ ನಸುಕಿನಲ್ಲಿ ರಸ್ತೆ ಬದಿ ಓಡುವ ಹುಡುಗರು ನಮ್ಮ ಕಡೆ ಊರೂರಲ್ಲಿ ಸಿಗುತ್ತಾರೆ. ಓಡಲು ಟಾರು ರಸ್ತೆ ಸಾಕು. ಅದನ್ನಂತೂ ಸರ್ಕಾರ ಹಾಕಿಸಿಕೊಟ್ಟಿದೆ.