ಪವಾಡಕ್ಕೆ ಕಾಯದ ಫಾದರ್

2024ರ ಸೆಪ್ಟೆಂಬರಿನಲ್ಲಿ ದುಲೀಪ್ ಟ್ರೋಫಿಯ ಪಂದ್ಯಗಳು ಅನಂತಪುರದಲ್ಲಿ ನಡೆದವು. ನಮ್ಮ ಮಯಾಂಕ್ ಅಗರ್ವಾಲ್ ನಾಯಕತ್ವದ ಇಂಡಿಯಾ ಎ ತಂಡ ಕಪ್ ಎತ್ತಿತು. ಆರ್‌ಡಿಟಿ ಸ್ಟೇಡಿಯಂ ಎಂಬ ಹೆಸರನ್ನು ಕರ್ನಾಟಕದ ಬಹುಪಾಲು ಜನ ಮೊದಲ ಸಲ ಕೇಳಿದ್ದು ಆಗಲೇ ಇರಬೇಕು. ಆದರೆ ಶಿರಾ, ಮಧುಗಿರಿ, ಪಾವಗಡದ ಗಡಿ ದಾಟಿ ಮಡಕಶಿರದ ಕಡೆ ಹೋದರೆ ಈ ಮೂರಕ್ಷರಕ್ಕೂ ಕ್ರಿಕೆಟ್ಟಿಗೂ ಸಂಬಂಧವೇ ಇಲ್ಲ. ಅಲ್ಲಿ ಆರ್‌ಡಿಟಿ ಕಾಲೋನಿ ಇದೆ, ಆರ್‌ಡಿಟಿ ಸ್ಕೂಲಿದೆ, ಕಾಯಿಲೆ ಜೋರಾದರೆ ಹೋಗುವ ಆರ್‌ಡಿಟಿ ಆಸ್ಪತ್ರೆ ಇದೆ. ಇವೆಲ್ಲದರ ಹಿಂದೆ ಇದ್ದ ಮನುಷ್ಯನನ್ನು ಜನ ಕೊನೆಯವರೆಗೂ ಕರೆದದ್ದು ‘ಫಾದರ್’ ಎಂದು. ಅವರು ಪಾದ್ರಿತನ ಬಿಟ್ಟು, ಮದುವೆಯಾಗಿ, ಮೂರು ಮಕ್ಕಳ ತಂದೆಯಾಗಿ ನಾಲ್ಕು ದಶಕ ಬಾಳಿದ ಮೇಲೂ ಆ ಹೆಸರು ಬದಲಾಗಲಿಲ್ಲ.

ಅವರು ವಿಸೆಂತೆ ಫೆರೆರ್. ಹುಟ್ಟಿದ್ದು 1920ರ ಏಪ್ರಿಲ್ 9ರಂದು, ಸ್ಪೇನಿನ ಬಾರ್ಸಿಲೋನಾದಲ್ಲಿ.

ಫೆರೆರ್ ಕೆಲಸ ಮಾಡಿದ ನೆಲ ಎಂಥದೆಂದು ಮೊದಲು ಹೇಳಬೇಕು. ಮಡಕಶಿರ, ರೊಳ್ಳ, ಗುಡಿಬಂಡೆ, ಅಮರಾಪುರ, ಅಗಳಿ ಇವು ಮನೆಯಲ್ಲಿ, ಸಂತೆಯಲ್ಲಿ, ಜಗಳದಲ್ಲಿ ಕನ್ನಡವನ್ನೇ ಆಡುವ ಊರುಗಳು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇರುವುದು ಇಲ್ಲೇ. ಆದರೆ ಆಡಳಿತ ತೆಲುಗಿನದು. ಉತ್ತರದ ರಾಯದುರ್ಗದ ಕಥೆ ಇನ್ನೂ ಈಚಿನದು. 1953ರ ಅಕ್ಟೋಬರ್ 1ರವರೆಗೆ ಅದು ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು; ಆದವಾನಿ, ಆಲೂರುಗಳ ಜೊತೆ ಅದೂ ಆಂಧ್ರಕ್ಕೆ ಹೋಯಿತು. 2022ರಲ್ಲಿ ಆಂಧ್ರ ಸರ್ಕಾರ ಜಿಲ್ಲೆಗಳನ್ನು ಮತ್ತೆ ಒಡೆದಾಗ ಮಡಕಶಿರ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು.

ಗಡಿಗೆರೆ ಎಲ್ಲೇ ಬೀಳಲಿ, ಮಳೆಗೆ ಅದರ ಹಂಗಿಲ್ಲ. ಮುಂಗಾರಿನ ಮೋಡವನ್ನು ಪಶ್ಚಿಮ ಘಟ್ಟ ತಡೆದು ಹಿಂಡಿಬಿಡುತ್ತದೆ. ಹಿಂಗಾರು ಪೂರ್ವ ಕರಾವಳಿಯಿಂದ ಇಷ್ಟು ದೂರ ಬರುವ ಹೊತ್ತಿಗೆ ಬಡವಾಗಿರುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ, ಅದೂ ಬಂದರೆ. ಅದನ್ನು ನಂಬಿಕೊಂಡು ಲಕ್ಷಾಂತರ ಎಕರೆ ಕಡ್ಲೆಕಾಯಿ. ಹೂವು ಬಿಡುವ ಹದಿನೈದು ದಿನ ಮಳೆ ಕೈಕೊಟ್ಟರೆ ಹೊಲದಲ್ಲಿ ದನದ ಮೇವಷ್ಟೇ ಉಳಿಯುತ್ತದೆ. ರಾಯದುರ್ಗದ ಕಡೆ ಹಗರಿ ನದಿಯ ಪಾತ್ರದಿಂದ ಗಾಳಿಗೆ ಎದ್ದ ಮರಳು ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ಇಂಥ ಸೀಮೆಯಲ್ಲಿ ದೇವರನ್ನು ನಂಬುವುದೆಂದರೆ ಮೊದಲಿಗೆ ಆಕಾಶ ನೋಡುವುದು.

ಫೆರೆರ್ ಹುಟ್ಟಿನಿಂದ ಸಂತರೇನಲ್ಲ. ಹರೆಯದಲ್ಲೇ ಸ್ಪೇನಿನ ಅಂತರ್ಯುದ್ಧಕ್ಕೆ ಬಲವಂತವಾಗಿ ಸೇರಿಸಲ್ಪಟ್ಟ ಹುಡುಗ. ಗಣರಾಜ್ಯದ ಪಕ್ಷದಲ್ಲಿ ಎಬ್ರೋ ನದಿಯ ಕದನ ಕಂಡು, ಸೋತ ಸೈನ್ಯದ ಜೊತೆ ಫ್ರಾನ್ಸಿನ ಸೆರೆಶಿಬಿರ ಸೇರಿದವರು. ಆಮೇಲೆ ಕಾನೂನು ಓದು. ಅದನ್ನೂ ಬಿಟ್ಟು 1944ರಲ್ಲಿ ಜೆಸ್ಯೂಟ್ ಸಂಘ ಸೇರಿದರು. 1952ರ ಫೆಬ್ರವರಿಯಲ್ಲಿ ಹಡಗು ಮುಂಬಯಿಗೆ ತಂದು ಬಿಟ್ಟಿತು.

ಮಹಾರಾಷ್ಟ್ರದ ಮನ್ಮಾಡಿನಲ್ಲಿ ಅವರಿಗೆ ಕಂಡದ್ದು ನೀರಿಲ್ಲದ ರೈತ. ಬಾವಿ ತೋಡಿಕೊಳ್ಳುವ ರೈತನಿಗೆ ಕೆಲಸ ನಡೆಯುವಷ್ಟು ದಿನ ಗೋಧಿ, ಎಣ್ಣೆ, ಕೈಸಾಲ; ಬಡ್ಡಿಯಿಲ್ಲ. ಬೆಳೆ ಬಂದಾಗ ವಾಪಸು ಕೊಡಬೇಕು, ಅದು ಮುಂದಿನವನ ಬಾವಿಗೆ. ಇಷ್ಟು ಸರಳ ಲೆಕ್ಕ ಊರ ಸಾಹುಕಾರರ ನಿದ್ದೆಗೆಡಿಸಿತು. ಈ ಪಾದ್ರಿ ಜನರನ್ನು ಎತ್ತಿಕಟ್ಟುತ್ತಿದ್ದಾನೆ, ಮತಾಂತರ ಮಾಡುತ್ತಾನೆ ಎಂಬ ದೂರುಗಳು ಹೋದವು. 1968ರಲ್ಲಿ ದೇಶ ಬಿಟ್ಟು ಹೋಗಲು ಆದೇಶವಾಯಿತು. ಮೂವತ್ತು ಸಾವಿರದಷ್ಟು ರೈತರು ಮನ್ಮಾಡಿನಿಂದ ಮುಂಬಯಿಗೆ, 250 ಕಿಲೋಮೀಟರಿನ ದಾರಿ, ನಡೆದು ಹೊರಟರು. ಪ್ರಧಾನಿ ಇಂದಿರಾ ಗಾಂಧಿ ಜಾಣತನದ ನಡುದಾರಿ ಹುಡುಕಿದರು: ಫಾದರ್ ಫೆರೆರ್ ವಿಶ್ರಾಂತಿಗೆಂದು ಸ್ವಲ್ಪ ದಿನ ಹೊರದೇಶಕ್ಕೆ ಹೋಗುತ್ತಾರೆ, ಮರಳಿ ಬಂದಾಗ ಸ್ವಾಗತವಿದೆ.

ಅವರು ಮರಳಿ ಬಂದರು. ಮಹಾರಾಷ್ಟ್ರದ ಬಾಗಿಲು ಮುಚ್ಚಿತ್ತು, ಆಂಧ್ರ ತೆರೆಯಿತು. 1969ರಲ್ಲಿ ಅನಂತಪುರ. ಇಲ್ಲಿ ಒಂದು ಕಥೆಯಿದೆ. ಸಂಸ್ಥೆಯ ಹಳಬರೂ ಸ್ಪೇನಿನ ಬರಹಗಾರರೂ ಅದನ್ನು ಬೇಸರವಿಲ್ಲದೆ ಹೇಳುತ್ತಾರೆ. ತಂಗಲು ಸಿಕ್ಕ ಖಾಲಿ ಮನೆಯ ಗೋಡೆಯ ಮೇಲೆ ಹಿಂದೆ ಇದ್ದವರು ಅಂಟಿಸಿ ಹೋದ ಒಂದು ಕಾಗದವಿತ್ತಂತೆ. ಪವಾಡಕ್ಕಾಗಿ ಕಾದಿರು ಎಂಬರ್ಥದ ಮಾತು ಅದರಲ್ಲಿ ಬರೆದಿತ್ತಂತೆ. ಫೆರೆರ್ ಕಾಯಲಿಲ್ಲ. ಅದೇ ವರ್ಷ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್, ಅಂದರೆ ಆರ್‌ಡಿಟಿ, ಹುಟ್ಟಿತು. ಮರುವರ್ಷ ಅವರು ಜೆಸ್ಯೂಟ್ ಸಂಘ ಬಿಟ್ಟು, ಮುಂಬಯಿಯಲ್ಲಿ ಪತ್ರಕರ್ತೆಯಾಗಿ ತಮ್ಮನ್ನು ಸಂದರ್ಶಿಸಲು ಬಂದಿದ್ದ ಇಂಗ್ಲೆಂಡಿನ ಆನ್ ಪೆರ್ರಿ ಅವರನ್ನು ಮದುವೆಯಾದರು.

ನಿಲುವಂಗಿ ಕಳಚಿಟ್ಟವರ ನಂಬಿಕೆಯ ಬಗ್ಗೆ ಬರೆಯುವಾಗ ಎಚ್ಚರ ಬೇಕು. ಫೆರೆರ್ ಚರ್ಚಿನ ಶಿಸ್ತಿನಿಂದ ಹೊರಬಂದರೇ ಹೊರತು ದೇವರಿಂದಲ್ಲ. ದೈವಕೃಪೆ ಎಂಬುದು ಅವರ ಮಾತಿನಲ್ಲಿ ಪದೇ ಪದೇ ಬರುತ್ತಿತ್ತು. ದುಡ್ಡು ಕೈಗೆ ಬರುವ ಮೊದಲೇ ಕೆಲಸ ಶುರುಮಾಡುವುದು ಅವರ ರೂಢಿ. ಕೆಲಸ ಒಳ್ಳೆಯದಿದ್ದರೆ ದುಡ್ಡು ಹಿಂದೆಯೇ ಬರುತ್ತದೆ ಎಂಬುದು ಲೆಕ್ಕಾಚಾರ. ಯಾವ ಲೆಕ್ಕಿಗನೂ ಒಪ್ಪದ ಲೆಕ್ಕಾಚಾರ ಇದು. ಆದರೆ ಖರ್ಚಾದ ಪ್ರತಿ ರೂಪಾಯಿಗೆ ಕಾಗದ ಇಡಿಸುತ್ತಿದ್ದವರೂ ಅವರೇ. ಒಳ್ಳೆಯ ಕೆಲಸ ಯಾವುದೂ ವ್ಯರ್ಥವಾಗುವುದಿಲ್ಲ, ಅದೇ ಎಲ್ಲ ಧರ್ಮಗಳೂ ಸೇರುವ ಜಾಗ ಎಂದು ಅವರು ನಂಬಿದ್ದರು. ಹಾಗಾಗಿ ಆರ್‌ಡಿಟಿ ಚರ್ಚು ಕಟ್ಟುವ ಸಂಸ್ಥೆಯಾಗಲಿಲ್ಲ. ಅದರ ಕೆಲಸಗಾರರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ.

ಈ ಸೀಮೆಗೆ ಕ್ರೈಸ್ತ ಸೇವೆ ಬಂದದ್ದು ಫೆರೆರ್ ಜೊತೆಗೇನಲ್ಲ. 1810ರಲ್ಲಿ ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಷನ್ನಿನ ಪಾದ್ರಿ ಬಳ್ಳಾರಿಗೆ ಬಂದು ಕನ್ನಡ ಕಲಿಯಲು ಕೂತರು. ಅವರೂ ಜೊತೆಗಾರರೂ ದುಡಿದು 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡಕ್ಕೆ ಬಂತು. ಮರುವರ್ಷ ಅದೇ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು, ಕಿಟೆಲ್ ನಿಘಂಟಿಗಿಂತ ಅರವತ್ತೆರಡು ವರ್ಷ ಮುಂಚೆ. ಆ ಮಿಷನ್ನಿನವರು ಪುಸ್ತಕ ಹಿಡಿದು ಬಂದರು, ಶಾಲೆ ಕಟ್ಟಿದರು. ನಮ್ಮ ಭಾಷೆ ಅವರಿಗೆ ಋಣಿ. ಒಂದೂವರೆ ಶತಮಾನದ ನಂತರ ಅದೇ ಬಯಲಿಗೆ ಬಂದ ಫೆರೆರ್ ಕೈಯಲ್ಲಿ ಮಾತ್ರ ಪುಸ್ತಕವಿರಲಿಲ್ಲ. ನನ್ನ ಪ್ರಕಾರ ಅವರನ್ನು ಇಲ್ಲಿನ ಜನ ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಕಾರಣ ಅದು. ಅವರು ಕೇಳಿದ್ದು ನಿಮ್ಮ ಬಾವಿ ಎಷ್ಟು ಆಳಕ್ಕೆ ಹೋಗಿದೆ ಎಂಬುದನ್ನು.

ಹಳ್ಳಿಯಲ್ಲಿ ಆರ್‌ಡಿಟಿ ಕೆಲಸ ಶುರುವಾಗುವುದು ಸಾಮಾನ್ಯವಾಗಿ ಊರ ಹೊರಗಿನ ಕೇರಿಯಿಂದ. ದಲಿತರು, ಬುಡಕಟ್ಟಿನವರು, ಹಿಂದುಳಿದವರು, ಅವರಲ್ಲೂ ಮೊದಲು ಹೆಂಗಸರು. ಊರಿಗೊಂದು ಸಮಿತಿ, ಹೆಂಗಸರ ಸಂಘ, ಸಂಜೆ ಮಕ್ಕಳನ್ನು ಕೂರಿಸಿ ಪಾಠ ಹೇಳುವ ಸ್ಕೂಲು. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಅಕ್ಷರ ಬಾರದ ಮಗು ಸರ್ಕಾರಿ ಶಾಲೆಯ ಪಾಠವನ್ನು ಯಾರಿಗೆ ಒಪ್ಪಿಸಬೇಕು ಎಂಬ ಪ್ರಶ್ನೆಗೆ ಆ ಸಂಜೆಶಾಲೆಯೇ ಉತ್ತರ. ಮಡಕಶಿರದಂಥ ಕಡೆ ಈ ಪ್ರಶ್ನೆಗೆ ಇನ್ನೊಂದು ಸುತ್ತಿದೆ: ಮನೆಮಾತು ಕನ್ನಡ, ನೌಕರಿಯ ಮಾತು ತೆಲುಗು, ಮುಂದಿನ ಓದಿನ ಮಾತು ಇಂಗ್ಲಿಷು.

ಮನೆಗಳ ಬಗ್ಗೆ ಒಂದು ಮಾತು. ಗುಡಿಸಲಿದ್ದ ಜಾಗದಲ್ಲಿ ಆರ್‌ಡಿಟಿ ಕಟ್ಟಿಸಿದ ಮನೆಗಳು ಈ ಎರಡೂ ಜಿಲ್ಲೆಗಳಲ್ಲಿ ಹತ್ತಾರು ಸಾವಿರ. ಚಿಕ್ಕವು, ಗಟ್ಟಿಯವು, ಸಾಲಾಗಿ ನಿಂತವು. ನೋಡಲು ವಿಶೇಷವೇನಿಲ್ಲ. ವಿಶೇಷ ಇರುವುದು ಕಾಗದದಲ್ಲಿ. ಮನೆ ಹೆಂಡತಿಯ ಹೆಸರಿಗೆ. ಕುಡಿದು ಬಂದ ಗಂಡ ಹೊರಗೆ ಹೋಗು ಎಂದರೆ ಯಾರು ಯಾರಿಗೆ ಹೇಳಬೇಕು ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಮಹಿಳಾ ಸಬಲೀಕರಣದ ಮೇಲೆ ನಮ್ಮಲ್ಲಿ ನಡೆದಿರುವ ವಿಚಾರಸಂಕಿರಣಗಳ ಅರ್ಧದಷ್ಟು ಕೆಲಸವನ್ನಾದರೂ ಆ ಒಂದು ಕಾಗದ ಮಾಡಿರಬಹುದು.

ಆಮೇಲೆ ಆಸ್ಪತ್ರೆಗಳು. ಕಲ್ಯಾಣದುರ್ಗದಲ್ಲೊಂದು, ರಾಯದುರ್ಗದ ಪಕ್ಕದ ಕಣೇಕಲ್ಲಿನಲ್ಲೊಂದು, ಧರ್ಮಾವರದ ಹತ್ತಿರ ಬತ್ತಲಪಲ್ಲಿಯಲ್ಲಿ 2000ದಲ್ಲಿ ತೆರೆದ ದೊಡ್ಡದು. ಮೊದಮೊದಲು ಈ ಸಂಸ್ಥೆ ಎದುರಿಸಿದ್ದು ಕುಷ್ಠ, ಕ್ಷಯಗಳನ್ನು. ಆಮೇಲೆ ಬಂದದ್ದು ಎಚ್ಐವಿ. ಲಾರಿ ಹೆದ್ದಾರಿಗಳ, ಗುಳೆ ಹೋಗುವವರ ಜಿಲ್ಲೆ ಇದು. ಸೋಂಕಿದೆ ಎಂದು ಗೊತ್ತಾದರೆ ಸ್ವಂತ ಮನೆಯವರೇ ತಟ್ಟೆ ಲೋಟ ಬೇರೆ ಇಡುತ್ತಿದ್ದ ಕಾಲದಲ್ಲಿ ಬತ್ತಲಪಲ್ಲಿ ಸೋಂಕಿತರನ್ನು ಹಾಸಿಗೆಗೆ ಸೇರಿಸಿಕೊಂಡಿತು. ಅಲ್ಲಿನ ವೈದ್ಯರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ ಬರೆದ ಪ್ರಬಂಧಗಳು ‘ವಿಸೆಂತೆ ಫೆರೆರ್ ಎಚ್ಐವಿ ಕೊಹಾರ್ಟ್ ಸ್ಟಡಿ’ ಎಂಬ ಹೆಸರಿನಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಗ್ರಾಮೀಣ ಭಾರತದಲ್ಲಿ ಈ ರೋಗ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಬೇಕಾದವರು ಅವುಗಳನ್ನು ಓದುತ್ತಾರೆ. ಪ್ರಾರ್ಥನೆಯ ಜೊತೆ ಅಂಕಿಅಂಶ ಬರೆದಿಡುವ ಸೇವೆ ನಮ್ಮ ನಾಡಿನಲ್ಲಿ ಅಪರೂಪ. 2020ರ ಕೋವಿಡ್ಡಿನಲ್ಲಿ ಇದೇ ಆಸ್ಪತ್ರೆಯನ್ನು ಕೋವಿಡ್ ರೋಗಿಗಳಿಗೆ ಬಿಟ್ಟುಕೊಡಲಾಯಿತು.

ಕಣ್ಣು ಕಾಣದ, ಕಿವಿ ಕೇಳದ ಮಕ್ಕಳ ವಸತಿಶಾಲೆಗಳು, ಬಾವಿ–ಕಟ್ಟೆ–ಹನಿ ನೀರಾವರಿ, ಟೆನಿಸ್ ಆಟಗಾರ ರಾಫೆಲ್ ನಡಾಲ್ ತನ್ನ ಪ್ರತಿಷ್ಠಾನದಿಂದ 2010ರಲ್ಲಿ ತೆರೆಸಿದ ಟೆನಿಸ್ ಶಾಲೆ ಇವೆಲ್ಲ ಇವೆ. ನನಗೆ ಹೆಚ್ಚು ಖುಷಿ ಕೊಡುವುದು ಅನಂತಪುರದ ಭಾಷಾಶಾಲೆ. ಹಳ್ಳಿಯ ಬಡ ಪದವೀಧರರನ್ನು ಆರಿಸಿ ಇಂಗ್ಲಿಷಿನ ಜೊತೆ ಸ್ಪ್ಯಾನಿಷ್, ಜರ್ಮನ್, ಫ್ರೆಂಚ್ ಕಲಿಸಿ ಬೆಂಗಳೂರು, ಹೈದರಾಬಾದಿನ ಕಂಪನಿಗಳಿಗೆ ಕಳಿಸುತ್ತಾರೆ. ಬೆಂಗಳೂರಿನ ಯಾವುದೋ ಗಾಜಿನ ಕಟ್ಟಡದಲ್ಲಿ ಮ್ಯೂನಿಕ್‌ನ ಗಿರಾಕಿಯ ಜೊತೆ ಜರ್ಮನ್ ಮಾತಾಡುತ್ತಿರುವ ಹುಡುಗಿ ಕಡ್ಲೆಕಾಯಿ ಬಿಡಿಸುವವರ ಮನೆಯವಳಾಗಿರಬಹುದು.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ? ಬಹುಪಾಲು ಸ್ಪೇನಿನ ಸಾಮಾನ್ಯ ಕುಟುಂಬಗಳಿಂದ. 1996ರಲ್ಲಿ ಅಲ್ಲಿ ವಿಸೆಂತೆ ಫೆರೆರ್ ಫೌಂಡೇಶನ್ ಸ್ಥಾಪನೆಯಾಯಿತು. ತಿಂಗಳಿಗಿಷ್ಟು ಎಂದು ಕೊಡುವ ಒಂದು ಮನೆಗೆ ಇಲ್ಲಿನ ಒಂದು ಮಗುವಿನ ಹೆಸರು, ಫೋಟೋ. ಮಗು ವರ್ಷಕ್ಕೊಮ್ಮೆಯಾದರೂ ಕಾಗದ ಬರೆಯುತ್ತದೆ, ಚಿತ್ರ ಬಿಡಿಸಿ ಕಳಿಸುತ್ತದೆ. ಹಣ ಆ ಒಂದು ಮಗುವಿನ ಕೈಗೆ ಹೋಗದೆ ಇಡೀ ಊರಿನ ಕೆಲಸಕ್ಕೆ ಸೇರುತ್ತದೆ. ಹಾಗಿಲ್ಲದಿದ್ದರೆ ಹಳ್ಳಿಯಲ್ಲಿ ಹೊಸ ಜಗಳ ಹುಟ್ಟುತ್ತಿತ್ತು. 2008ರ ನಂತರ ಸ್ಪೇನಿನ ಆರ್ಥಿಕತೆ ಕುಸಿದಾಗ ಈ ಹೊಳೆ ಸಣ್ಣದಾಗುವ ಭಯ ಬಂತು. ಆಗ ಇಲ್ಲಿನ ಮನೆಗಳಿಗೇ ಹುಂಡಿ ಕೊಟ್ಟರು. ಒಂದು ಕಾಲಕ್ಕೆ ಪಡೆದುಕೊಂಡವರು ಈಗ ಹುಂಡಿಗೆ ನಾಣ್ಯ ಹಾಕಿ ತಮಗಿಂತ ಬಡವರಿಗೆ ಕೊಡುತ್ತಾರೆ. ಇದರಿಂದ ಬರುವ ಮೊತ್ತ ಸ್ಪೇನಿನದರ ಮುಂದೆ ಚಿಕ್ಕದು. ಆದರೂ ಮನ್ಮಾಡಿನ ಬಾವಿಯ ಸಾಲದ ನಿಯಮ, ನಿನ್ನದು ತೀರಿದ ಮೇಲೆ ಮುಂದಿನವನಿಗೆ ಎಂಬುದು, ಇಲ್ಲಿ ಮತ್ತೆ ಬಂದಿದೆ.

ಕೊರತೆಗಳಿಲ್ಲವೆಂದಲ್ಲ. ಸರ್ಕಾರ ಮಾಡಬೇಕಾದ್ದನ್ನು ಒಂದು ಟ್ರಸ್ಟು ಐವತ್ತು ವರ್ಷ ಮಾಡುತ್ತಾ ಬಂದರೆ ಸರ್ಕಾರಕ್ಕೆ ಮರೆವು ಬರುತ್ತದೆ. ಹೊರದೇಶದ ದುಡ್ಡಿನ ಮೇಲೆ ನಿಂತ ಯಾವ ಸಂಸ್ಥೆಗೂ ದಿಲ್ಲಿಯ ಒಂದು ಕಡತ ನಿಂತರೆ ಉಸಿರು ಕಟ್ಟುತ್ತದೆ. ಬಾವಿ, ಬೋರುಗಳ ಮೇಲೆ ಇಟ್ಟ ಭರವಸೆಗೂ ಮಿತಿಯಿದೆ. ಅಂತರ್ಜಲ ಇಳಿದಷ್ಟೂ ಬೋರು ಆಳಕ್ಕೆ ಹೋಗಬೇಕು. ಅದಕ್ಕೇ ಆರ್‌ಡಿಟಿ ಹೊಲದಲ್ಲಿ ಹಣ್ಣಿನ ಗಿಡ, ಹನಿ ನೀರು, ಮಳೆನೀರು ಹಿಡಿಯುವ ಕಟ್ಟೆಗಳ ಕಡೆ ತಿರುಗಿದ್ದು. ಇದೇ ಜಿಲ್ಲೆಯಲ್ಲಿ 1990ರ ದಶಕದಲ್ಲಿ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರ ಟ್ರಸ್ಟು ಏಳುನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಯೋಜನೆ ಮಾಡಿತು. ಅನಂತಪುರದಲ್ಲಿ ಭಕ್ತಿಗೂ ನೀರಿಗೂ ಹೀಗೊಂದು ಬಿಡಿಸಲಾಗದ ನಂಟು.

ಫೆರೆರ್ 2009ರ ಜೂನ್ 19ರಂದು ಅನಂತಪುರದಲ್ಲೇ ತೀರಿಕೊಂಡರು. ಮಣ್ಣು ಮಾಡಿದ್ದು ಬತ್ತಲಪಲ್ಲಿಯಲ್ಲಿ. ಈಗ ಮಗ ಮಾಂಚೊ ಫೆರೆರ್ ಮುಂದೆ ನಿಂತಿದ್ದಾರೆ. ಅವರು ಹುಟ್ಟಿ ಬೆಳೆದದ್ದು ಇಲ್ಲೇ, ತೆಲುಗಿನಲ್ಲಿ ಮಾತಾಡುತ್ತಾರೆ.

ಮಡಕಶಿರದಿಂದ ಬತ್ತಲಪಲ್ಲಿಯ ಆಸ್ಪತ್ರೆಗೆ ಹೋಗಬೇಕಾದವರು ಪೆನುಕೊಂಡೆಗೆ ಬಸ್ಸು ಹಿಡಿದು, ಅಲ್ಲಿಂದ ಧರ್ಮಾವರದ ದಾರಿ ಹಿಡಿಯಬೇಕು. ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು. ಹಳ್ಳಿಹಳ್ಳಿಗಳಿಂದ ಬರುವವರ ಸಾಲು ದೊಡ್ಡದಿರುತ್ತದೆ.